ಗ್ರಾನೋಲಾ ಬಾರೂ ಗಂಡನ ಬೇಕರಿ ಚಟವೂ

ನಾನು ಹೊಸದೇನಾದರೂ ಮಾಡಲು ಒಲೆ ಹಚ್ಚಿದರೆ ಸಾಕು, ನಮ್ಮ ಮನೆಯಲ್ಲಿ ಅಡುಗೆಗಿಂತ ಮೊದಲು ಫಜೀತಿ ಕುದಿಯುತ್ತದೆ. ಹಾಗಂತ ಹೆದರಿ ಒಲೆ ಆರಿಸುವ ಪೈಕಿ ನಾನಲ್ಲ. ಡಾಕ್ಟರು ನನ್ನ ಗಂಡನಿಗೆ, "ರಕ್ತದಾಗೆ ಕೊಬ್ಬು ಏರೈತೆ. ಬೇಕರಿ ತಿಂಡಿ ಬಿಡ್ರಿ, ಇಲ್ಲಾಂದ್ರೆ ಮುಂದಿನ ಸಲ ಎದಿ ಹಿಡ್ಕಂಡು ಬರ್ತೀರಿ" ಅಂದರು. ಅವತ್ತೇ ನಾನು, ಚನ್ನಗಿರಿಯ ನಮ್ಮ ಮನೆಯ ಹೊಸ್ತಿಲು ದಾಟಿ ಬೇಕರಿ ಪೊಟ್ಟಣ ಬರಕೂಡದು ಅಂತ ಸಾರಿದೆ. ಬದಲಿಗೆ ಮೊಬೈಲ್ ನೋಡಿ ಕಲಿತ ಗ್ರಾನೋಲಾ ಬಾರ್. ಓಟ್ಸ್, ಶೇಂಗಾ, ಎಳ್ಳು ಹುರಿದು, ಚೂರೇ ಚೂರು ಬೆಲ್ಲದ ಪಾಕದಲ್ಲಿ ಕಲಸಿ, ತಟ್ಟೆಗೆ ಒತ್ತಿ, ಪಟ್ಟಿ ಪಟ್ಟಿಯಾಗಿ ಕೊಯ್ಯುವುದು.

"ಇದನ್ನ ತಿಂದು ಎಷ್ಟು ವರ್ಷ ಬದುಕಬೇಕು ನಾನು?" ಅಂತ ಗಂಡ ಕೇಳಿದರು.

"ನಾನು ಸಾಕು ಅನ್ನೋವರೆಗೂ" ಅಂದೆ.

ಅಡಕೊತ್ತಿನ ಸಹಾಯ

ಮೊದಲ ಸಲ ಪಾಕ ಏರಿಬಿಟ್ಟಿತು. ತಟ್ಟೆಯಿಂದ ಬಾರ್ ಬಿಡಿಸಲು ಚಾಕು ಹಾಕಿದರೆ ಚಾಕು ಬಾಗಿತು. ಗಂಡ ಒಂದನ್ನು ನೆಲಕ್ಕೆ ಕುಟ್ಟಿ ಸದ್ದು ಕೇಳಿಸಿ, "ಹಿತ್ತಲ ಗೋಡೆಗೆ ಇಟ್ಟಿಗೆ ಕಮ್ಮಿ ಬಿದ್ದಿದ್ವು" ಅಂದರು. ನಾನು ಜಗ್ಗಲಿಲ್ಲ. ಡಬ್ಬಿಗೆ ತುಂಬಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಡುಮನೆಯಲ್ಲೇ ಇಟ್ಟೆ.

ದಿನಾ ಡಬ್ಬಿ ಇಳಿಯತೊಡಗಿತು. ಗೆದ್ದೆ ಅಂದುಕೊಂಡೆ. ಒಂದು ಮಧ್ಯಾಹ್ನ ನೋಡಿದರೆ ನ್ಯಾಮತಿ ಕಡೆಯ ನನ್ನ ಅತ್ತೆ ಕಟ್ಟೆಯ ಮೇಲೆ ಕೂತು, ಅಡಿಕೆ ಕತ್ತರಿಸುವ ಅಡಕೊತ್ತಿನಲ್ಲಿ ನನ್ನ ಬಾರನ್ನು ಕಟ್ ಕಟ್ ಅಂತ ಹೋಳು ಮಾಡಿ, ಎಲೆಗೆ ಸುಣ್ಣ ಹಚ್ಚಿ, ಅದರಲ್ಲಿ ಮಡಿಸಿ ಗೆಳತಿಯರಿಗೆ ಕೊಡುತ್ತಿದ್ದರು.

"ಅತ್ತಿ, ಏನ್ ಮಾಡ್ತಿದೀರಿ?"

"ನೀನು ಸುಮ್ಕಿರವ್ವಾ. ಅಡಿಕಿಗಿಂತ ಇದೇ ಚಲೋ ಐತೆ. ಸಂಜಿವರೆಗೂ ಕರಗಲ್ಲ."

ಒಗ್ಗರಣೆಯ ಅವಮಾನ

ಎರಡನೇ ಸಲ ಪಾಕ ಕಡಿಮೆ ಮಾಡಿದೆ. ಬಾರ್ ಕೈಗೆತ್ತಿಕೊಂಡರೆ ಪುಡಿಪುಡಿ. ಪುಡಿಯನ್ನಾದರೂ ಮೊಸರಿಗೆ ಹಾಕಿಕೊಂಡು ತಿನ್ನಿ ಅಂತ ಹೇಳಿ ಶಾಲೆಗೆ ಹೋದೆ. ನಾನು ಕೆರೆಬಿಳಚಿ ಹತ್ತಿರದ ಶಾಲೆಯಲ್ಲಿ ಟೀಚರು.

ವಾಪಸ್ ಬರುವಾಗ ಬೀದಿ ತುದಿಗೇ ಒಗ್ಗರಣೆ ವಾಸನೆ. ನಮ್ಮ ಕಡೆ ಗರಿಗರಿ ಇದ್ದದ್ದೆಲ್ಲ ಕೊನೆಗೆ ಮಂಡಕ್ಕಿಯೊಳಗೇ ಸೇರಬೇಕು. ಗಂಡ ನನ್ನ ಗ್ರಾನೋಲಾವನ್ನು ಮಂಡಕ್ಕಿ ಜೊತೆ ಕಲಸಿ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಮೇಲೆ ಖಾರ ಸೇವು ಉದುರಿಸಿ, ನಂಜಿಕೊಳ್ಳಲು ಮಿರ್ಚಿ ಬಜ್ಜಿಯನ್ನೂ ತರಿಸಿದ್ದರು. ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು.

"ನೋಡು, ನಿನ್ನ ಆರೋಗ್ಯದ ತಿಂಡಿನೇ ತಿಂತಿದೀನಿ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಮಿರ್ಚಿ ತಟ್ಟೆ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದೆ. ಬರುವ ದಾರಿಯಲ್ಲಿ ಒಂದು ತಿಂದೆ, ಅದು ಬೇರೆ ಮಾತು.

ಖಾಲಿ ಡಬ್ಬಿ

ಆಮೇಲೆ ಅವರು ಯಾಕೋ ತಣ್ಣಗಾದರು. ನಾನು ಮತ್ತೆ ಮಾಡಿಕೊಟ್ಟ ಬಾರನ್ನು ಆಫೀಸಿಗೆ ಒಯ್ಯುತ್ತಿದ್ದರು, ಡಬ್ಬಿ ಖಾಲಿ ತರುತ್ತಿದ್ದರು. "ಇನ್ನೊಂದೆರಡು ಜಾಸ್ತಿ ಇಡು" ಅಂತ ಬೇರೆ ಕೇಳಿದರು. ನಾನು ಬೀಗಿದ್ದೇ ಬೀಗಿದ್ದು.

ಒಂದು ಸಂಜೆ ಬಸ್ಸಿಳಿದಾಗ ಎದುರಿನ ಬೇಕರಿಯ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಕೈಮುಗಿದರು.

"ಅಕ್ಕಾರೆ, ನಿಮ್ಮಿಂದ ಬದುಕಿದೆ ನೋಡ್ರಿ. ಡಾಕ್ಟ್ರು ನಂಗೂ ಬೇಕರಿ ತಿಂಡಿ ಮುಟ್ಟಬ್ಯಾಡ ಅಂದಾರೆ. ನಿಮ್ಮ ಯಜಮಾನ್ರು ದಿನಾ ನಿಮ್ಮ ಬಾರ್ ತಂದು ಕೊಡ್ತಾರೆ. ಪಾಪ, ಸುಮ್ನೆ ಯಾಕೆ ತಗಳ್ಳೋದು ಅಂತ ನಾನು ಎರಡು ಖಾರಾಬನ್ ಕೊಡ್ತೀನಿ."

ಅಂಟಿನ ಸುದ್ದಿ

ಇಷ್ಟಾದ ಮೇಲೆ ಬೇರೆ ಯಾರಾದರೂ ಕೈ ಚೆಲ್ಲುತ್ತಿದ್ದರು. ನಾನು ಸೀದಾ ಕಿರಾಣಿ ಅಂಗಡಿಗೆ ಹೋದೆ. ಕಲ್ಲೂ ಆಗಬಾರದು, ಪುಡಿಯೂ ಆಗಬಾರದು ಅಂದರೆ ಉಂಡೆಗೆ ಹಾಕುವ ಅಂಟೇ ಸರಿ ಅಂತ ಅಂಟು, ಉತ್ತುತ್ತಿ, ಕೊಬ್ಬರಿ, ಬಾದಾಮಿ, ಗಸಗಸೆ ಎಲ್ಲ ಕಟ್ಟಿಸಿದೆ. ಅಂಗಡಿಯವರು ನನ್ನನ್ನೊಮ್ಮೆ, ಸಾಮಾನನ್ನೊಮ್ಮೆ ನೋಡಿ, "ಇದನ್ನೂ ಒಯ್ಯಿರಿ, ಸೊಂಟಕ್ಕೆ ಒಳ್ಳೇದು" ಅಂತ ಒಂದು ಪೊಟ್ಟಣ ಅಳ್ವಿ ಬೀಜ ಪುಕ್ಕಟೆ ಕೊಟ್ಟರು. ದಿನವಿಡೀ ನಿಂತು ಪಾಠ ಮಾಡುವವಳು ಅಂತ ಕನಿಕರ ಇರಬೇಕು ಅಂದುಕೊಂಡೆ.

ಬಾಣಂತಿಗೆ ಅಂಟಿನುಂಡೆ ಕಟ್ಟುವ ಸಾಮಾನೂ ಇದೇ ಅಂತ ನನಗೆ ಹೊಳೆಯಲೇ ಇಲ್ಲ. ಊರಿಗೆ ಹೊಳೆಯಿತು. ಹೊನ್ನಾಳಿಯಿಂದ ತಂಗಿ ಫೋನು ಮಾಡಿ, "ಅಕ್ಕಾ, ನಿನ್ನ ಮಗಳು ಕಾಲೇಜಿಗೆ ಹೋಗ್ತಾಳೆ, ನಿಂಗೇನು ಬಂತೇ ಈ ವಯಸ್ಸಿನಾಗೆ?" ಅಂತ ಅತ್ತಳು. ಜಗಳೂರಿನ ಬಿಳಿಚೋಡಿನಿಂದ ಗಂಡನ ಅಕ್ಕ ಕೂಸಿಗೆ ಹಾಕುವ ಕುಲಾವಿ ಹೊಲಿಸಿಕೊಂಡು ಬಂದೇಬಿಟ್ಟರು.

ಅವತ್ತು ಸಂಜೆ ಗಂಡ ಬೇಕರಿಯಿಂದ ಬರಿಗೈಯಲ್ಲಿ, ಕೆಂಪು ಮುಖ ಮಾಡಿಕೊಂಡು ಬಂದರು. ಅಲ್ಲಿ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತು ಕೈಕುಲುಕಿದ್ದರಂತೆ. ಯಜಮಾನರು ಕೇಕ್ ಮೇಲೆ ಇವರ ಹೆಸರು ಬರೆಯಲು ಹೊರಟಿದ್ದರಂತೆ.

"ನಾನಿನ್ನು ಆ ಕಡೆ ಮುಖ ತೋರಿಸಾಕೆ ಆಗಲ್ಲ. ಸುದ್ದಿ ಸುಳ್ಳು ಅಂತ ನೀನೇ ಹೋಗಿ ಹೇಳೇ ಮಾರಾಯ್ತಿ!"

"ನಾನ್ಯಾಕೆ ಹೇಳಲಿ? ನಾಚಿಕೆ ಆದ್ರೆ ಆ ಕಡೆ ಹೋಗಬ್ಯಾಡ್ರಿ."

ಗಂಡ ಹಸಿವು ತಡೆಯದೆ, ನಾನು ಅಂಟು ಹಾಕಿ ಮಾಡಿಟ್ಟಿದ್ದ ತಟ್ಟೆಗೆ ಕೈ ಹಾಕಿ ಒಂದು ಬಾರ್ ಕಚ್ಚಿದರು. ಅಂಟು ಸರಿಯಾಗಿ ಹಿಡಿದಿತ್ತು. ಇನ್ನೊಂದು ತೆಗೆದುಕೊಂಡರು. ಮರುದಿನವೂ ಅಷ್ಟೇ, ಆಮೇಲೂ ಅಷ್ಟೇ. ನಾನು ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಗುತ್ತಾ ಅಂಗಡಿಗೆ ಹೋಗಿ ಮತ್ತೆ ಅಂಟು ತಂದೆ.

ಅತ್ತೆಗೇ ದಿಗಿಲಾಯಿತು. "ಅಲ್ಲವ್ವಾ, ಹಿಂಗೆ ಬಾಯಿ ಮುಚ್ಕಂಡು ಇದ್ರೆ ಹೆಂಗೆ? ಒಂಬತ್ತು ತಿಂಗ್ಳಾದ ಮ್ಯಾಲೆ ಊರಿಗೆ ಏನು ತೋರಿಸ್ತೀಯ?"

"ನಿಮ್ಮ ಮಗನ ರಕ್ತದ ರಿಪೋರ್ಟ್ ತೋರಿಸ್ತೀನಿ ಅತ್ತಿ" ಅಂದೆ.