ಹಾಡುವ ದಿಬ್ಬ, ಬ್ರೇಕಿಲ್ಲದ ಹಲಗೆ

ಕತಾರಿನ ನಮ್ಮ ಕನ್ನಡ ಸಂಘದ ಅಧ್ಯಕ್ಷರು ತಪ್ಪು ಮಾಡಿದ್ದಾರೆ. ಮರಳಿನ ಮೇಲೆ ಜಾರುವ ಹಲಗೆಯನ್ನು ಜನರ ಕೈಗೆ ಕೊಟ್ಟರು, ನಿಲ್ಲುವುದನ್ನು ಹೇಳಿಕೊಡಲಿಲ್ಲ. ಚಳಿಗಾಲದ ಶುಕ್ರವಾರ ದೋಹಾದ ದಕ್ಷಿಣದ ದಿಬ್ಬಗಳಿಗೆ ಹೋಗುತ್ತೇವೆ, ಹೋದಾಗಲೆಲ್ಲ ಏನಾದರೊಂದು ಆಗುತ್ತದೆ. ಬರುವ ಶುಕ್ರವಾರ ಅಲ್ಲಿ ಮಕ್ಕಳ ಸ್ಪರ್ಧೆಯಂತೆ. ಅದಕ್ಕೇ ಬರೆಯುತ್ತಿದ್ದೇನೆ.

೧. ಎಣ್ಣೆ

ಹಲಗೆಯ ಅಡಿಗೆ ಮೇಣ ತಿಕ್ಕಬೇಕು. ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಬಂದ ಉಡುಪಿಯ ಸ್ಟೋರ್‌ಕೀಪರ್ ಮೇಣ ಮರೆತಿದ್ದರು. ಕಾರಿನಲ್ಲಿ ತೆಂಗಿನೆಣ್ಣೆಯಿತ್ತು, ಚಳಿಗೆ ಗಟ್ಟಿಯಾಗಿತ್ತು. "ಇದೂ ಮೇಣವೇ ಮಾರಾಯ್ರೆ" ಎಂದು ಬಳಿದರು. ಹಲಗೆ ಮೂರಡಿ ಹೋಗಿ ನಿಂತಿತು, ಅವರು ನಿಲ್ಲಲಿಲ್ಲ. ಹಲಗೆಯ ಅಡಿಗೆ ಅರ್ಧ ಮರುಭೂಮಿ ಅಂಟಿತ್ತು. ಕೆಳಗಿನಿಂದ ಕೂಗಿದರು: "ಬ್ರೇಕ್ ಇಲ್ಲ ಅಂದದ್ದು ಯಾರು?"

೨. ಸದ್ದು

ಆ ದಿಬ್ಬ ಹಾಡುತ್ತದೆ. ಮರಳು ಜಾರಿದರೆ ಒಳಗಿನಿಂದ ವಿಮಾನದಂಥ ಗುಂಯ್ ಸದ್ದು, ಎದೆಗೂಡು ನಡುಗುತ್ತದೆ. ನನಗೆ ಗುರುವಿಲ್ಲ, ಬಿದ್ದು ಕಲಿತವನು. ನೇರ ಇಳಿದರೆ ದಿಬ್ಬ ಗರ್ಜಿಸುತ್ತದೆ. ಹಿಮ್ಮಡಿ ಒತ್ತಿ, ಹಲಗೆಯ ಅಂಚು ಮರಳನ್ನು ಕಚ್ಚುವಂತೆ ಮಾಡಿ, ಅದು ಇಳಿಜಾರಿಗೆ ಅಡ್ಡವಾಗುವ ತನಕ ತಿರುವು ಮುಗಿಸಿದರೆ ವೇಗವೂ ಇಳಿಯುತ್ತದೆ, ಸದ್ದೂ ಇಳಿಯುತ್ತದೆ. ತಿರುವನ್ನು ಅರ್ಧಕ್ಕೆ ಬಿಟ್ಟರೆ ಕೆಟ್ಟಿರಿ.

ಹುಬ್ಬಳ್ಳಿಯ ವೆಲ್ಡರ್ ಒಬ್ಬನಿಗೆ ಇದನ್ನೇ ಹೇಳಿದೆ. ಚೆಂದವಾಗಿ ತಿರುಗಿ, ನಡುದಿಬ್ಬದಲ್ಲಿ ನಿಂತ. ಸದ್ದು ನಿಲ್ಲಲಿಲ್ಲ. ಯಾರೂ ಜಾರುತ್ತಿಲ್ಲ, ದಿಬ್ಬ ಮಾತ್ರ ಗುಂಯ್‌ಗುಡುತ್ತಿದೆ. ಅವನು ಅಲುಗಾಡದೆ ಕೇಳಿದ: "ಅಣ್ಣಾ, ನಾ ನಿಂತೀನಿ. ಮತ್ತ ಇಳ್ಯಾಕತ್ತವರು ಯಾರು?"

೩. ಅಧ್ಯಕ್ಷರು

ಹೊತ್ತು ಮುಳುಗುತ್ತಿತ್ತು. "ತಿರುವು ಗಿರುವು ಹೆದರುಪುಕ್ಕರಿಗೆ. ಯಲ್ಲಾ, ನಡೀರಿ!" ಎಂದು ಅಧ್ಯಕ್ಷರು ನೇರ ಇಳಿದರು. ದಿಬ್ಬ ಗರ್ಜಿಸಿತು. ಧೂಳು ಅಡಗಿದಾಗ ಕೆಳಗೆ ಹಲಗೆಯಿತ್ತು, ಅವರ ಏಷ್ಯನ್ ಗೇಮ್ಸ್ ಟೋಪಿಯಿತ್ತು. ಮನುಷ್ಯ ಇರಲಿಲ್ಲ. ಹೆಜ್ಜೆಗುರುತೂ ಇರಲಿಲ್ಲ. ಹೆಂಗಸರು ಜಪಸರ ತೆಗೆದರು. ನೆಲದಡಿಯಿಂದ ಬಂದಂತೆ ಸಣ್ಣ ದನಿ: "ಖಲಾಸ್... ಖಲಾಸ್..."

ಆಚೆ, ಕುಸಿದುಬಿದ್ದ ನಮ್ಮ ಊಟದ ಟೆಂಟಿನ ಬಿಳಿ ಬಟ್ಟೆ ಮೆಲ್ಲಗೆ ಎದ್ದು ಕೂತಿತು. ಒಳಗೆ, ಹಲಗೆಯಿಂದ ಹಾರಿ ಬಿದ್ದ ಅಧ್ಯಕ್ಷರು. ಮೈಮೇಲೆಲ್ಲ ಸಾರು. ಮೊದಲ ಮಾತು: "ಮಕ್ಕಳ ಸ್ಪರ್ಧೆಯ ದಿನ ಟೆಂಟ್ ಸ್ವಲ್ಪ ದೂರ ಹಾಕೋಣ."

ದೂರ ಇಡಬೇಕಾದದ್ದು ಟೆಂಟನ್ನಲ್ಲ. ನಿಮ್ಮ ಮಗು ಅಡ್ಡ ತಿರುಗಿ ನಿಲ್ಲುವುದನ್ನು ಕಣ್ಣಾರೆ ಕಾಣುವವರೆಗೆ ಸ್ಪರ್ಧೆಗೆ ಕಳಿಸಬೇಡಿ. ಯಾಕೆ ಕಳಿಸಲಿಲ್ಲ ಎಂದು ಅಧ್ಯಕ್ಷರು ಕೇಳಿದರೆ ಹಲಗೆಯನ್ನು ಅವರ ಕೈಗೇ ಕೊಟ್ಟು ಹೇಳಿ: "ಮೊದಲು ನೀವು ನಿಂತು ತೋರಿಸಿ."