ಕನ್ನಡದಲ್ಲಿದ್ದ ಒಂದೇ ಪ್ರೋಗ್ರಾಮು

ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ, ಹೇಳಿದ ಹಾಗೆ ಮಾಡುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲೇ ನನ್ನ ಸಂಸಾರ ಇಷ್ಟು ವರ್ಷ ಸಾಗಿಬಂದಿದೆ. ಹೆಂಡತಿ ಮಹಾದೇವಿ ಅಡುಗೆಮನೆಯಿಂದ "ರೀ, ನಳ ಬಂದದ, ಕೊಡ ಹಚ್ರಿ" ಎಂದರೆ ನಾನು ಆ ವಾಕ್ಯವನ್ನು ಪೂರ್ತಿಯಾಗಿ, ಗೌರವದಿಂದ ಕೇಳಿಸಿಕೊಳ್ಳುತ್ತೇನೆ. "ನಾ ಏನಂದೆ, ಹೇಳ್ರಿ ನೋಡೋಣ" ಎಂದು ಅವಳು ಪರೀಕ್ಷೆಗೆ ನಿಂತರೆ ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ. ಅಷ್ಟರಲ್ಲಿ ನಳ ಬಂದು ಹೋಗಿರುತ್ತದೆ. ಅವಳು ಇದನ್ನು ದುರ್ಗುಣವೆಂದು ಎಣಿಸಿದ್ದಾಳೆ. ನಾನೂ ಹಾಗೆಯೇ ಎಣಿಸಿದ್ದೆ. ಈ ಗುಣಕ್ಕೆ ಕಂಪ್ಯೂಟರಿನ ಲೋಕದಲ್ಲಿ ಒಂದು ಅಧಿಕೃತ ಹೆಸರೇ ಇದೆ ಎಂದು ತಿಳಿದ ಮೇಲೆ ಮಾತ್ರ ಸ್ವಲ್ಪ ಹೆಮ್ಮೆ ಬಂತು.

ನಾನು ಯಾದಗಿರಿಯಲ್ಲಿ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವವನು. ನಮ್ಮ ಹುಡುಗರು ಹೆಚ್ಚಿನವರು ಕನ್ನಡ ಶಾಲೆಗಳಿಂದ ಬಂದವರು. ಅವರಿಗಾಗಿ ಕನ್ನಡದಲ್ಲಿ ಒಂದು ಪ್ರಯೋಗ ಪುಸ್ತಕ ಬರೆಯಬೇಕೆಂಬ ಹುಚ್ಚು ನನಗೆ ಹತ್ತಿತು. ಬರೆದು ಶಹಾಪುರದ ಒಬ್ಬ ಡಿಟಿಪಿಯವನಿಗೆ ಕೊಟ್ಟೆ. ಅವನು ಸೌಂದರ್ಯಪ್ರಜ್ಞೆ ಇದ್ದ ಮನುಷ್ಯ. ಪ್ರೋಗ್ರಾಮಿನ ಸಾಲುಗಳು ಒಂದು ಒಳಗೆ ಒಂದು ಹೊರಗೆ ಇರುವುದನ್ನು ಕಂಡು ಮರುಗಿ, ಎಲ್ಲವನ್ನೂ ಎಡಕ್ಕೂ ಬಲಕ್ಕೂ ಒಂದೇ ಸಮ ಎಳೆದು ಕೂರಿಸಿದ್ದ. "ಸರ್, ನೀವು ಗಡಿಬಿಡ್ಯಾಗ ಅಂಕುಡೊಂಕು ಹೊಡದಿದ್ರಿ. ನಾ ಸಾಲು ಹಿಡದು ಸರಳ ಮಾಡೀನಿ, ಹೆಚ್ಚಿಗಿ ರೊಕ್ಕ ಏನ್ ಬ್ಯಾಡ್ರಿ" ಎಂದ. ಆ ಅಂಕುಡೊಂಕಿನಲ್ಲೇ ಅರ್ಥ ಇರುವುದು ಎಂದು ನಾನು ಹೇಳಿದಾಗ ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಹೀಗಾಗಿ ಪುಟಗಳನ್ನು ನಾನೇ ಜೋಡಿಸುವುದೆಂದು ಹಟ ಹಿಡಿದು ಲೇಟೆಕ್ ಎಂಬ ವ್ಯವಸ್ಥೆಯನ್ನು ಕಲಿತೆ. ಇದರಲ್ಲಿ ಪುಟ ಕಣ್ಣಮುಂದೆ ಕಾಣುವುದಿಲ್ಲ. ನಮ್ಮ ಬರವಣಿಗೆಯ ನಡುನಡುವೆ "ಇಲ್ಲಿ ದಪ್ಪ ಅಕ್ಷರ, ಇಲ್ಲಿ ಹೊಸ ಅಧ್ಯಾಯ" ಎಂದು ಅಪ್ಪಣೆಗಳನ್ನು ಬರೆದುಕೊಡಬೇಕು. ಯಂತ್ರ ಅವನ್ನು ಪಾಲಿಸಿ ಪುಟ ಮಾಡಿ ಕೊಡುತ್ತದೆ. ಆದರೆ ಪುಸ್ತಕದಲ್ಲಿ ಅಚ್ಚಾಗಬೇಕಾದದ್ದೇ ಒಂದು ಪ್ರೋಗ್ರಾಮಾದರೆ ಕಷ್ಟ. ಅದರ ಚಿಹ್ನೆಗಳನ್ನೂ ತನಗೆ ಕೊಟ್ಟ ಅಪ್ಪಣೆ ಎಂದುಕೊಂಡು ಯಂತ್ರ ಅವಾಂತರ ಮಾಡುತ್ತದೆ. ಅದಕ್ಕೆಂದೇ ವರ್ಬೇಟಿಮ್ ಎಂಬ ಒಂದು ಆವರಣ ಇದೆ. ಇಲ್ಲಿಂದ ಶುರು ಎಂದು ಒಂದು ಸಾಲು, ಇಲ್ಲಿಗೆ ಮುಗಿಯಿತು ಎಂದು ಒಂದು ಸಾಲು. ನಡುವೆ ಏನೇ ಬರೆದರೂ ಯಂತ್ರ ಅದನ್ನು ಪಾಲಿಸುವುದಿಲ್ಲ, ತಿದ್ದುವುದಿಲ್ಲ, ಇದ್ದದ್ದನ್ನು ಇದ್ದಂತೆ ತೋರಿಸಿ ಸುಮ್ಮನಾಗುತ್ತದೆ. ಮಹಾದೇವಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. "ಇದಕ್ಕ ಕಂಪ್ಯೂಟರ್ ಯಾಕ ಬೇಕಿತ್ರಿ, ನೀವು ಇದ್ರಿ" ಎಂದಳು.

ಅದೇ ವ್ಯವಸ್ಥೆಯಲ್ಲಿ ಇನ್ನೊಂದು ಸೌಲಭ್ಯವಿದೆ. ಸಾಲಿನ ಮೊದಲಿಗೆ ಶೇಕಡಾ ಚಿಹ್ನೆ ಹಾಕಿದರೆ ಆ ಸಾಲು ಅಚ್ಚಿಗೆ ಹೋಗುವುದಿಲ್ಲ. ಬರೆಯುವವನಿಗೆ ಮಾತ್ರ ಕಾಣುವ ಟಿಪ್ಪಣಿ ಅದು. "ಈ ಚಿತ್ರ ಬದಲಿಸಬೇಕು" ಎಂಬಂಥ ನೆನಪುಗಳಿಗಾಗಿ ಇದನ್ನು ಬಳಸಬೇಕೆಂದು ತಿಳಿದವರು ಹೇಳುತ್ತಾರೆ. ನಾನು ಜಗಳ ಬರದ ಮನುಷ್ಯ. ಪ್ರಾಚಾರ್ಯರ ಎದುರು, ಹೆಂಡತಿಯ ಎದುರು, ನೆಂಟರ ಎದುರು ನುಂಗಿಕೊಂಡ ಮಾತುಗಳೆಲ್ಲ ಆ ಚಿಹ್ನೆಯ ಹಿಂದೆ ಹೋಗಿ ಕೂಡತೊಡಗಿದವು. ಇಡೀ ಪುಸ್ತಕದಲ್ಲಿ ಪಾಠ ಎಷ್ಟಿತ್ತೋ ತಕರಾರೂ ಅಷ್ಟೇ ಇತ್ತು. ಪಾಠ ಹೊರಗೆ, ತಕರಾರು ಒಳಗೆ. ನನಗೂ ಬಹಳ ಹಗುರವೆನಿಸುತ್ತಿತ್ತು.

ತಕರಾರುಗಳಲ್ಲಿ ದೊಡ್ಡ ಪಾಲು ಮಾವನವರದು. ಅವರು ಸುರಪುರದಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಆತ್ಮಕಥೆ ಬರೆದಿದ್ದಾರೆ. ಅದನ್ನು ನಾನೇ ಪುಸ್ತಕ ಮಾಡಿಕೊಡಬೇಕೆಂಬುದು ಅವರ ಆಸೆ. ಒತ್ತಾಯ ಮಾಡುವವರಲ್ಲ. ಫೋನಿನಲ್ಲಿ ಮಳೆ ಬೆಳೆ ಎಲ್ಲ ಮಾತಾಡಿ ಕೊನೆಗೆ "ನಿಮ್ಮ ಪುಸ್ತಕ ಎಲ್ಲಿಗೆ ಬಂತ್ರಿ, ಅಳಿಯಾರ?" ಎನ್ನುತ್ತಿದ್ದರು. "ಇನ್ನೂ ಭಾಳ ಅದರಿ ಮಾವಾರ" ಎನ್ನುತ್ತಿದ್ದೆ. "ಆಗಲಿ ಆಗಲಿ, ಮೊದಲ ನಿಮ್ಮದು ಮುಗೀಲಿ. ನಮ್ಮದೇನು, ಆದೀತು" ಎನ್ನುತ್ತಿದ್ದರು. ಆ 'ಆದೀತು' ಎಂಬ ಮಾತಿನ ಮೆತ್ತಗಿನ ದನಿ ಕೇಳಿ ನನಗೆ ಪಾಪವೆನಿಸುತ್ತಿತ್ತು. ಪಾಪವೆನಿಸಿದ್ದಕ್ಕೆ ಸಿಟ್ಟೂ ಬರುತ್ತಿತ್ತು.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ, ಪ್ರಾಜೆಕ್ಟ್ ವರದಿಯೊಳಗೆ ಪ್ರೋಗ್ರಾಮನ್ನು ಇದ್ದಂತೆ ಅಚ್ಚು ಹಾಕುವುದು ಹೇಗೆ ಎಂದು ಹುಡುಗರಿಗೆ ಕಲಿಸಿದ್ದೆ. 'ಮುಗಿಯಿತು ಎಂಬ ಸಾಲನ್ನು ಯಾವ ಕಾರಣಕ್ಕೂ ಮರೆಯಬಾರದು' ಎಂದು ದಪ್ಪ ಅಕ್ಷರದಲ್ಲಿ ಎಚ್ಚರಿಸಿದ್ದೆ. ಎಚ್ಚರಿಸಿದ ಪುಟದ ಮುಂದಿನ ಪುಟದಲ್ಲೇ ಮರೆತೆ. ಅಲ್ಲಿಂದ ಮುಂದಿನ ಪ್ರೋಗ್ರಾಮು ಮುಗಿಯುವ ತನಕ ಇದ್ದದ್ದನ್ನೆಲ್ಲ ಯಂತ್ರ ಒಂದೇ ಪ್ರೋಗ್ರಾಮೆಂದು ತಿಳಿಯಿತು. ಆವರಣದೊಳಗೆ ಶೇಕಡಾ ಚಿಹ್ನೆಗೂ ಯಾವ ಅಧಿಕಾರ ಇಲ್ಲ. ಅದರ ಹಿಂದೆ ಅವಿತಿದ್ದ ಎರಡು ಸಾಲುಗಳು ಚಿಹ್ನೆ ಸಮೇತ ಅಚ್ಚಾದವು: 'ಇವತ್ತೂ ಪುಂಡಿಪಲ್ಯ.' 'ಪುಸ್ತಕ ಮುಗಿಯುತ್ತ ಬಂತೆಂದು ಮಾವನವರಿಗೆ ಗೊತ್ತಾಗಬಾರದು, ಗೊತ್ತಾದರೆ ಆತ್ಮಕಥೆಯ ಗಂಟು ಹೊತ್ತು ಮೊದಲ ಬಸ್ಸಿಗೆ ಬರುತ್ತಾರೆ.'

ಕರಡು ತಿದ್ದುವಾಗ ನಾನು ಇದನ್ನು ನೋಡಲಿಲ್ಲ. ಪ್ರೋಗ್ರಾಮು ಅಚ್ಚಾದ ಪುಟವನ್ನು ಲೋಕದಲ್ಲಿ ಯಾರೂ ಓದುವುದಿಲ್ಲ, ಬರೆದವನೂ ಓದುವುದಿಲ್ಲ. ಪುಸ್ತಕ ಹುಡುಗರ ಕೈಗೆ ಹೋಯಿತು. ಅವರು ಪದ್ಧತಿಯಂತೆ ಎಲ್ಲ ಪ್ರೋಗ್ರಾಮುಗಳನ್ನೂ ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡಿದರು, ನಾನು ಪದ್ಧತಿಯಂತೆ ನೋಡದೆ ಸಹಿ ಹಾಕಿದೆ. ಆಮೇಲೆ ತೆಗೆದು ನೋಡಿದರೆ ಒಂದು ಇಡೀ ತರಗತಿಯ ಹುಡುಗ ಹುಡುಗಿಯರು, ಮಾವನವರಿಗೆ ಗೊತ್ತಾಗಬಾರದೆಂಬುದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು. ಒಬ್ಬಳಂತೂ ಕೆಳಗೆ ಗೆರೆ ಎಳೆದು, ಫಲಿತಾಂಶ ಸರಿಯಾಗಿ ಬಂದಿದೆ ಎಂದೂ ಸೇರಿಸಿದ್ದಳು. ಅದರ ಕೆಳಗೆ ನನ್ನ ಸಹಿ ಇತ್ತು.

ಓದಿದವರು ಒಬ್ಬರೇ. ಅಪ್ಪನಿಗೆ ಖುಷಿಯಾಗಲೆಂದು ಮಹಾದೇವಿ ನನಗೆ ಹೇಳದೆ ಸುರಪುರಕ್ಕೆ ಒಂದು ಪ್ರತಿ ಕಳಿಸಿದ್ದಳು. ಮಾವನವರು ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಮನುಷ್ಯ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಚೀಲ. ಮೊದಲ ಬಸ್ಸಿಗೇ ಬಂದಿದ್ದರು. ಚಹಾ ಕುಡಿದರು, ಬಾಯಿ ಒರೆಸಿಕೊಂಡರು, ನನ್ನ ಪುಸ್ತಕ ತೆಗೆದು ಗುರುತಿಟ್ಟ ಪುಟ ಬಿಡಿಸಿದರು.

"ಅಳಿಯಾರ, ಎಲ್ಲಾ ಓದೀನ್ರಿ. ಉಳಿದ ಪ್ರೋಗ್ರಾಮೆಲ್ಲ ಇಂಗ್ಲೀಷಿನ್ಯಾಗ ಅದಾವ. ಇದೊಂದು ಕನ್ನಡದಾಗ ಅದ. ಇದು ನನಗ ತಿಳೀಲಿಲ್ಲ."

ನಾನು ನೋಡಿದೆ. "ಅದು ಉದಾಹರಣಿರಿ, ಮಾವಾರ" ಎಂದೆ.

"ಹೌದೇನ್ರಿ. ಇದನ್ನ ಕಂಪ್ಯೂಟರ್‌ದಾಗ ನಡಿಸಿದ್ರ ಏನ್ ಬರ್ತದ?"

ಮಹಾದೇವಿ ಅಷ್ಟರಲ್ಲಿ ಹಿಂದೆ ನಿಂತು ಎರಡೂ ಸಾಲು ಓದಿ ಮುಗಿಸಿದ್ದಳು. "ನೀ ಬಂದಿಯಲ್ಲಪ್ಪ, ಅದಽ ಬರ್ತದ" ಎಂದು ಒಳಗೆ ಹೋದಳು. ಆ ದಿನವೂ ಪುಂಡಿಪಲ್ಯವೇ ಆಯಿತು, ಆಮೇಲೆ ಬಹಳ ದಿನ ಅದೇ ಆಯಿತು.

ಮಾವನವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಪುಟ ಹಿಂದಕ್ಕೆ ತಿರುವಿ, "ಇಲ್ಲೆ ನೀವಽ ಬರದೀರಿ, ಇದರೊಳಗ ಹಾಕಿದ್ದನ್ನ ಯಂತ್ರ ಮುಟ್ಟಂಗಿಲ್ಲ, ಇದ್ದದ್ದು ಇದ್ದಂಗ ಅಚ್ಚಾಗ್ತದ ಅಂತ. ಖರೇ ಏನ್ರಿ?" ಎಂದರು.

"ಖರೇರಿ."

"ಹಂಗಾದ್ರ ನನ್ನ ಪುಸ್ತಕ ಪೂರಾ ಇದರಾಗಽ ಹಾಕ್ರಿ. ನಾ ರಿಟೈರ್ ಆದಾಗ ಸಾಲಿಯವರು ಒಂದು ಸಂಚಿಕಿ ತಂದಿದ್ರು. ನನ್ನ ಲೇಖನ ಅರ್ಧಕ್ಕ ಕೊಯ್ದು ಹಾಕಿದ್ರು. ಆ ನೋವು ಇನ್ನೂ ಅದರಿ. ಒಂದು ಅಕ್ಷರ ಬದಲ್ ಆಗಬಾರದು. ನಿಮಗ ಆಗಂಗಿಲ್ಲ ಅಂದ್ರ ಈಗಽ ಹೇಳ್ರಿ, ಗಂಟು ವಾಪಸ್ ಒಯ್ತೀನಿ. ನನ್ನ ಬೆನ್ನ ಹಿಂದ ಬರಕೋಬ್ಯಾಡ್ರಿ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಾಡಿಕೊಡುತ್ತೇನೆ ಎಂದೆ. ಅವತ್ತಿನಿಂದ ಭಾನುವಾರ ಭಾನುವಾರ ಅವರು ಬಂದು ಪಕ್ಕದಲ್ಲಿ ಕೂತು ಓದಿ ಹೇಳುವರು, ನಾನು ಟೈಪ್ ಮಾಡುವೆ. ಕೈ ಟೈಪ್ ಮಾಡುತ್ತಿತ್ತು, ಮನಸ್ಸು ಮುಂದಿನ ಪುಟಗಳಲ್ಲಿ ನನ್ನ ಬಗ್ಗೆ ಏನಿದೆಯೋ ಎಂದು ಹೆದರುತ್ತಿತ್ತು. ಅವರು ಮನಸ್ಸು ಮಾಡಿದ್ದರೆ ಎರಡು ಸಾಲು ಬರೆಯಬಹುದಿತ್ತು. ಅದನ್ನೂ ನಾನು ಒಂದಕ್ಷರ ಬದಲಿಸದೆ, ನನ್ನ ಕೈಯಾರೆ ಅಚ್ಚಿಗೆ ಕೊಡಬೇಕಿತ್ತು.

ಕೊನೆಗೆ ಮಕ್ಕಳ ಮದುವೆಯ ಭಾಗ ಬಂತು. ಹಾಳೆ ಹಳದಿಗೆ ತಿರುಗಿತ್ತು, ಮಸಿ ಮಾಸಿತ್ತು. ನನ್ನ ಪುಸ್ತಕ ಬರುವುದಕ್ಕೆ ಬಹಳ ಮೊದಲೇ ಬರೆದದ್ದು. ಮಾವನವರು ದನಿ ಬದಲಿಸದೆ ಓದಿದರು: "ಸಣ್ಣ ಅಳಿಯ ಯಾದಗಿರಿಯಲ್ಲಿದ್ದಾನೆ. ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ."

ನನ್ನ ಕೈ ನಿಂತಿತು. "ಮಾವಾರ, ಈ ಸಾಲು ಬಿಟ್ಟುಬಿಡೋಣೇನ್ರಿ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬ್ಯಾಡ್ರಿ. ಬರಿಯುವಾಗ ಖರೇನ ಹಂಗ ಅನಿಸಿತ್ತು. ಇದ್ದದ್ದು ಇದ್ದಂಗ ಹೊಡೀರಿ" ಎಂದು ಮುಂದಿನ ಸಾಲಿಗೆ ಹೋದರು.

ಪುಸ್ತಕ ಬಂದಿದೆ. ಸುರಪುರದಲ್ಲಿ ಬಹಳ ಜನ ಓದಿದ್ದಾರೆ, ನೆಂಟರೆಲ್ಲ ಆ ಸಾಲನ್ನು ನನಗೇ ಓದಿ ತೋರಿಸಿ ಬೇಷ್ ಎನ್ನುತ್ತಾರೆ. ಎಲ್ಲರೂ ನಂಬಿದ್ದಾರೆ. ಮಹಾದೇವಿಯನ್ನು ಬಿಟ್ಟರೆ ನಂಬದೆ ಇರುವವರು ಇಬ್ಬರೇ, ಅದನ್ನು ಬರೆದವರು ಒಬ್ಬರು, ಟೈಪ್ ಮಾಡಿದವನು ಒಬ್ಬ.