ಮರ ಬೇಡವೆಂದವನಿಗೆ ಸನ್ಮಾನ

ಮದುವೆ ಮನೆಯಲ್ಲಿ ಊಟ ಬೇಡವೆಂದವನನ್ನು ಜನ ಕ್ಷಮಿಸಿಯಾರು, ಮರ ನೆಡಬೇಡಿ ಎಂದವನನ್ನು ಮಾತ್ರ ಕ್ಷಮಿಸುವುದಿಲ್ಲ. ಅವನ ಮುಖವನ್ನೊಮ್ಮೆ, ಪಕ್ಕದಲ್ಲಿರುವ ಅವನ ಹೆಂಡತಿಯ ಮುಖವನ್ನೊಮ್ಮೆ ನೋಡಿ ‘ಪಾಪ’ ಎನ್ನುತ್ತಾರೆ. ಆ ಪಾಪ ಹೆಂಡತಿಗೆ ಸೇರಿದ್ದು. ಇದು ಅನುಭವದ ಮಾತು. ಜಗಳೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನಾನು ಯಾರ ತಂಟೆಗೂ ಹೋಗುವವನಲ್ಲ. ಯಾರಾದರೂ ಜೋರಾಗಿ ಕೆಮ್ಮಿದರೆ ನಾನೇ ಕ್ಷಮೆ ಕೇಳುವ ಪೈಕಿ.

ನಮ್ಮದೊಂದು ನಿಸರ್ಗಪ್ರಿಯರ ಬಳಗವಿದೆ. ಸಂಬಳವಿಲ್ಲ, ಪೆಟ್ರೋಲು ಸ್ವಂತದ್ದು, ಬೈಗುಳ ಮನೆಯದ್ದು. ಭಾನುವಾರ ಎಲ್ಲಿ ಏನು ನೋಡಬಹುದು ಎಂದು ವಾಟ್ಸಾಪಿನಲ್ಲಿ ಊರೂರಿನವರು ಹಾಕುತ್ತಿರುತ್ತೇವೆ. ಹೊನ್ನಾಳಿಯವರಿಗೆ ಹೊಳೆಯಿದೆ, ಚನ್ನಗಿರಿಯವರಿಗೆ ಸೂಳೆಕೆರೆಯ ನೀರುಹಕ್ಕಿಗಳಿವೆ, ನ್ಯಾಮತಿಯವರು ಕಾಡು ಹತ್ತಿರವೆಂದು ಬೀಗುತ್ತಾರೆ. ಜಗಳೂರಿನವರಾದ ನಮಗಿರುವುದು ಹುಲ್ಲು. ‘ಹುಲ್ಲು ನೋಡಲು ಬನ್ನಿ’ ಎಂದು ಕರೆದಾಗಲೆಲ್ಲ ಬರುತ್ತಿದ್ದವರು ಇಬ್ಬರೇ, ನಾನು ಮತ್ತು ಬಸ್ ಕಂಡಕ್ಟರ್ ತಿಪ್ಪೇಶಿ. ತಿಪ್ಪೇಶಿಗೆ ವಾರವಿಡೀ ಜನರನ್ನು ನೋಡಿ ಸಾಕಾಗಿರುತ್ತಿತ್ತು.

ನಾನು ಕರೆಯುತ್ತಿದ್ದದ್ದು ನಾನು ಹುಟ್ಟಿದೂರಿನ ಗೋಮಾಳಕ್ಕೆ. ಊರಿರುವುದು ಜಗಳೂರು ತಾಲೂಕಿನಲ್ಲೇ, ಸೊಕ್ಕೆಯಿಂದ ಸ್ವಲ್ಪ ಆಚೆ. ಚಿಕ್ಕಂದಿನಲ್ಲಿ ಅಪ್ಪ ದನಗಳನ್ನು ಮೇಯಲು ಬಿಟ್ಟು ಅಲ್ಲಿ ಟವೆಲ್ ಹಾಸಿ ಒರಗುತ್ತಿದ್ದ, ಪಕ್ಕದಲ್ಲಿ ನಾನು. ನೆಲಗುಬ್ಬಿಯೊಂದು ಮೇಲೇರಿ, ಸಿಳ್ಳೆ ಹಾಕುತ್ತ ಕೆಳಗೆ ಬೀಳುತ್ತಿತ್ತು. ಇನ್ನೇನು ನೆಲಕ್ಕೆ ಬಡಿಯಿತು ಎನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ. “ಕೂರಾಕೆ ಒಂದು ಮರಾನೂ ಇಲ್ಲ ಇದಕ್ಕೆ” ಎಂದು ನಾನು ಮರುಗಿದರೆ ಅಪ್ಪ, “ಮರ ಯಾಕಲೇ? ಅದರ ಮನೆ ಇಲ್ಲೇ ಹುಲ್ಲಿನಾಗೆ ಐತೆ” ಅನ್ನುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅಂಗಡಿಯಲ್ಲಿ ಮಾತ್ರೆ ಕತ್ತರಿಸಿ ಕೊಡುವಾಗ ಒಣಹುಲ್ಲಿನ ಗಾಡಿಯೊಂದು ಹಾದುಹೋದರೆ ಸಾಕು, ಮನಸ್ಸು ಅಲ್ಲಿಗೆ ಓಡಿಹೋಗುತ್ತದೆ, ಎರಡು ಮಾತ್ರೆ ಹೆಚ್ಚಿಗೆ ಕತ್ತರಿಸಿರುತ್ತೇನೆ. ಅದನ್ನು ಯಾವ ಗಿರಾಕಿಯೂ ವಾಪಸ್ಸು ತಂದುಕೊಟ್ಟದ್ದಿಲ್ಲ.

ಹೋದ ಮುಂಗಾರಿನಲ್ಲಿ, ಜನ ಬರಲಿ ಎಂದು ಕರೆಗೆ ಸ್ವಲ್ಪ ಸಾಹಿತ್ಯ ಬೆರೆಸಿ ಊರಿನವರ ವಾಟ್ಸಾಪಿಗೂ ಹಾಕಿದೆ. ‘ಕಣ್ಣು ಹಾಯಿಸಿದಷ್ಟು ದೂರ ಬರೀ ಹುಲ್ಲು. ಎಲ್ಲೂ ಒಂದು ಮರವಿಲ್ಲ. ನೋಡುತ್ತ ನಿಂತರೆ ಕಣ್ಣು ತುಂಬಿ ಬರುತ್ತದೆ.’ ಹೆಂಡತಿ ಸುಮಂಗಲಾ ಓದಿ, “ಯಾರೋ ತೀರಿಕೊಂಡಾಗ ಬರೆದಂಗೈತೆ ನೋಡ್ರಿ” ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನವೇ ನಮ್ಮೂರಿನ ಮೆಕ್ಕೆಜೋಳದ ವ್ಯಾಪಾರಿ ರುದ್ರಣ್ಣನವರ ಫೋನು. ದೊಡ್ಡ ಮನಸ್ಸಿನ ಮನುಷ್ಯ. “ಮಂಜಣ್ಣ, ನಿಮ್ಮ ಮೆಸೇಜ್ ಓದಿ ಕರುಳು ಚುರ್ ಅಂತು. ಊರಾಗೆ ಒಂದು ಮರ ಇಲ್ಲ ಅಂತ ನೀವು ಕಣ್ಣೀರು ಹಾಕಾದು, ನಾವು ಸುಮ್ನೆ ಕೂರಾದು, ಹೆಂಗೆ? ಭಾನುವಾರ ಬರ್ರಿ, ಎಲ್ಲಾ ರೆಡಿ ಮಾಡಿಸ್ತೀನಿ” ಎಂದು ಫೋನು ಇಟ್ಟೇಬಿಟ್ಟರು. ಏನು ರೆಡಿ ಎಂದು ಕೇಳಲಿಲ್ಲ. ತಿಂಡಿ ಇರಬೇಕು ಎಂದುಕೊಂಡು ಸುಮಂಗಲಾಳನ್ನೂ ತಿಪ್ಪೇಶಿಯನ್ನೂ ಕರೆದುಕೊಂಡು ಹೋದೆ.

ತಿಂಡಿಯೂ ಇತ್ತು. ಜೊತೆಗೆ ಶಾಮಿಯಾನ, ಮೈಕು, ಟ್ರ್ಯಾಕ್ಟರ್ ತುಂಬ ಹೊಂಗೆ ಬೇವಿನ ಸಸಿ, ಗೋಮಾಳದ ಅಂಚಿನಲ್ಲಿ ಗುಂಡಿ ತೋಡಲು ಸಿದ್ಧವಾಗಿ ನಿಂತ ಜೆಸಿಬಿ.  “ಈ ಹುಲ್ಲು ಹೋದ್ರೆ ಹೋದಂಗೇ ಅಣ್ಣ. ನೀವೇ ಹೇಳ್ರಿ, ನಾಳೆ ನನ್ನ ಬಸ್ಸು ಇದೇ ರೂಟು, ಇದೇ ಜನ” ಎಂದು ತಿಪ್ಪೇಶಿ ಹಿಂದೆ ಸರಿದ. ಹೇಳಲೆಂದೇ ವೇದಿಕೆ ಹತ್ತಿದೆ. ಬಾಯಿ ತೆರೆಯುವ ಮೊದಲೇ ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಹೊದ್ದ ಶಾಲಿನ ವಿಷಯದಲ್ಲಿ ಹಿರಿಯರು ಏನೂ ಹೇಳಿಹೋಗಿಲ್ಲ.

“ಮರ ಬಹಳ ಒಳ್ಳೇದು” ಎಂದು ಶುರು ಮಾಡಿದೆ. ಚಪ್ಪಾಳೆ ಬಿತ್ತು. “ನೆರಳು ಕೊಡ್ತದೆ” ಅಂದೆ, ಮತ್ತೆ ಚಪ್ಪಾಳೆ. ಹೀಗೇ ಇನ್ನೆರಡು ವಾಕ್ಯ ಹೇಳಿದ್ದರೆ ಸುಖವಾಗಿ ಮನೆ ಸೇರುತ್ತಿದ್ದೆ. ಅಷ್ಟರಲ್ಲಿ ಜೆಸಿಬಿಯವನು ಎಂಜಿನ್ ಚಾಲೂ ಮಾಡಿದ, ಅದರ ಮುಂದಿನ ಹುಲ್ಲಿನಿಂದ ನೆಲಗುಬ್ಬಿಯೊಂದು ಎದ್ದು ಅಲ್ಲೇ ಸುತ್ತತೊಡಗಿತು.  “ರುದ್ರಣ್ಣ, ಇಲ್ಲಿ ಗುಂಡಿ ತೋಡಬೇಡ್ರಿ. ಈ ಹುಲ್ಲಿನಾಗೆ ಹಕ್ಕಿ ಮೊಟ್ಟೆ ಇಡ್ತಾವೆ, ಊರ ಕುರಿ ಮೇಯ್ತಾವೆ. ನೆರಳು ಬಿದ್ರೆ ಈ ಹುಲ್ಲು ಬರಾದಿಲ್ಲ. ನಾನು ಬರೆದಿದ್ದು ದುಃಖಕ್ಕಲ್ರಿ, ಸಂತೋಷಕ್ಕೆ” ಅಂದೆ.

 ರುದ್ರಣ್ಣ ಮೈಕು ತೆಗೆದುಕೊಂಡು, “ಸಂತೋಷಕ್ಕೆ ಹಿಂಗೆ ಬರೆಯೋರು ದುಃಖಕ್ಕೆ ಹೆಂಗೆ ಬರೀತೀರಪ್ಪ?” ಅಂದರು. ಎಲ್ಲರೂ ನಕ್ಕರು. “ಆತು, ಗುಂಡಿ ಬೇಡ. ಈ ಸಸಿ ಏನು ಮಾಡಾದು? ನಿಮ್ಮ ಅಂಗಡಿಯಾಗೆ ನೆಡಾನಾ?”

ಹೆಂಗಸರ ಕಡೆಯಿಂದ ಸುಮಂಗಲಾ ಎದ್ದು ನಿಂತಳು. “ಊರ ಸ್ಕೂಲ್ ಕಾಂಪೌಂಡ್ ಖಾಲಿ ಬಿದ್ದೈತಲ್ರಿ, ಅಲ್ಲಿ ಹಾಕ್ಸ್ರಿ. ನೀರು ಇವರು ಹಾಕ್ತಾರೆ. ಭಾನುವಾರ ಹೆಂಗೂ ಇವರು ಮನೆಯಾಗೆ ಇರಾದಿಲ್ಲ” ಅಂದಳು. ಆ ದಿನದ ಅತಿ ದೊಡ್ಡ ಚಪ್ಪಾಳೆ ಅವಳಿಗೇ ಬಿತ್ತು. ಜೆಸಿಬಿ ತಿರುಗಿ ಹೋಯಿತು. ಅದರ ಹಿಂದೆಯೇ ಓಡಿಹೋಗಿ ಡ್ರೈವರನ ಕೈಗೆ ಹಣ್ಣಿನ ಬುಟ್ಟಿ ಕೊಟ್ಟುಬಿಟ್ಟೆ, ಅಷ್ಟು ಖುಷಿಯಾಗಿತ್ತು.

ಈಗ ಪ್ರತಿ ಭಾನುವಾರ ಬೆಳಗಾದರೆ ನಾನು ಶಾಲೆಯ ಕಾಂಪೌಂಡಿನಲ್ಲಿ ಕೊಡ ಹಿಡಿದು ಹೊಂಗೆಯಿಂದ ಬೇವಿಗೆ, ಬೇವಿನಿಂದ ಹೊಂಗೆಗೆ ಓಡಾಡುತ್ತಿರುತ್ತೇನೆ. ದಾರಿಯಲ್ಲಿ ಹೋಗುವವರು ‘ಮರದ ಮಂಜಣ್ಣ’ ಎಂದು ಕೈಮುಗಿಯುತ್ತಾರೆ. ವೇದಿಕೆಯ ಮೇಲೆ ನಡೆದ ಕಥೆ ಊರೂರಿಗೆ ಹಬ್ಬಿದ ಮೇಲೆ ನಮ್ಮ ಗೋಮಾಳ ನೋಡಲು ಹೊನ್ನಾಳಿಯಿಂದಲೂ ಜನ ಬರತೊಡಗಿದ್ದಾರೆ. ತಿಪ್ಪೇಶಿ ಅವರನ್ನು ಸುತ್ತಾಡಿಸುತ್ತಾನೆ, ಸುಮಂಗಲಾ ಉಪ್ಪಿಟ್ಟು ಕಟ್ಟಿಕೊಂಡು ಜೊತೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಸೀರೆಯ ತುಂಬ ಹುಲ್ಲಿನ ಮುಳ್ಳು ಅಂಟಿಸಿಕೊಂಡು ಬರುತ್ತಾಳೆ. ಈ ಸಲ ಹುಲ್ಲು ಬಹಳ ಚೆನ್ನಾಗಿ ಬಂದಿದೆಯಂತೆ.